ಅಳತೆಗೋಲು ಯಾರ ಪರ?

ಮಲ್ಕಾಜ್‌ಗಿರಿಯಲ್ಲಿ ನೆಲೆಸಿರುವ ನಮ್ಮಂಥವರನ್ನು ಒಂದು ಪ್ರಶ್ನೆ ಆಗಾಗ ಕಾಡುತ್ತದೆ: ಹುಟ್ಟಿದೂರಿನವರಿಗೂ ಅನ್ನ ಕೊಟ್ಟ ಊರಿನವರಿಗೂ ವ್ಯಾಜ್ಯ ಬಂದರೆ ನಾವು ಯಾರ ಪರ?

2015ರಲ್ಲಿ ಅಂಥದೇ ಪ್ರಸಂಗವೊಂದು ಒದಗಿತು. ದೇಶದ ಅತ್ಯುನ್ನತ ಕ್ರೀಡಾ ಗೌರವವಾದ ಖೇಲ್ ರತ್ನಕ್ಕೆ ಹೈದರಾಬಾದಿನ ಸಾನಿಯಾ ಮಿರ್ಜಾ ಆಯ್ಕೆಯಾದರು. ಅದೇ ಜುಲೈನಲ್ಲಿ ಅವರು ಮಾರ್ಟಿನಾ ಹಿಂಗಿಸ್ ಜೊತೆಗೂಡಿ ವಿಂಬಲ್ಡನ್ ಮಹಿಳಾ ಡಬಲ್ಸ್ ಗೆದ್ದಿದ್ದರು. ಆಯ್ಕೆಯನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟಿನ ಮೆಟ್ಟಿಲು ಹತ್ತಿದವರು ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ತಂದವರು. ಆ ಕೂಟದಲ್ಲಿ ಭಾರತಕ್ಕೆ ದಕ್ಕಿದ ಪದಕ ಅದೊಂದೇ. ಸರ್ಕಾರವೇ ಗೊತ್ತುಮಾಡಿದ ಅಂಕಗಳ ಲೆಕ್ಕದಲ್ಲಿ ತಾವು ಮುಂದಿದ್ದೇವೆಂಬುದು ಅವರ ವಾದ. ನ್ಯಾಯಾಲಯ ನೋಟೀಸು ನೀಡಿತು. ಆಗಸ್ಟ್ 29ರಂದು ಪ್ರಶಸ್ತಿ ಸಾನಿಯಾ ಅವರ ಕೈಸೇರಿತು.

ಇದನ್ನು ಹೊಟ್ಟೆಕಿಚ್ಚು ಎನ್ನೋಣವೇ? ಪಂಕ್ತಿಯಲ್ಲಿ ಕುಳಿತವನು ತನ್ನೆಲೆಗೆ ಹೋಳಿಗೆ ಏಕೆ ಬರಲಿಲ್ಲವೆಂದು ಕೇಳಿದರೆ, ಆ ಪ್ರಶ್ನೆ ಬಡಿಸುವವನಿಗೇ ಹೊರತು ಪಕ್ಕದ ಎಲೆಯವನಿಗಲ್ಲ. ಪಕ್ಕದವನು ಉಣ್ಣಲು ಅರ್ಹನಲ್ಲವೆಂದೂ ಅದರ ಅರ್ಥವಲ್ಲ.

ನಿಜವಾದ ತೊಡಕು ಅಳತೆಯದು. ಅಕ್ಕಿಯನ್ನು ಸೇರಿನಲ್ಲಿ ಅಳೆಯುತ್ತೇವೆ, ಬಟ್ಟೆಯನ್ನು ಮೊಳದಲ್ಲಿ. ಎರಡರಲ್ಲಿ ಯಾವುದು ದೊಡ್ಡದೆಂದು ಕೇಳಿದರೆ ಉತ್ತರವಿಲ್ಲ. ಟೆನಿಸ್ ಅಂಗಳದ ಗೆಲುವು, ಕಾಲಿನ ಊನವನ್ನು ಮೀರಿದ ಜಿಗಿತ ಇವೂ ಹಾಗೆಯೇ. ಆದರೂ ಪ್ರಶಸ್ತಿ ಕೊಡುವವರು ಒಂದು ಅಳತೆಗೋಲು ಹಿಡಿಯಲೇಬೇಕು. ಹಿಡಿದ ಮೇಲೆ ಅದು ಎಲ್ಲರಿಗೂ ಒಂದೇ ಇರಬೇಕು. ಯಾವುದೋ ದೊಡ್ಡ ಗೆಲುವು ಅದಕ್ಕೆ ನಿಲುಕದಿದ್ದರೆ ಪಂದ್ಯಕ್ಕೆ ಮೊದಲೇ, ಎಲ್ಲರೆದುರು ಅದನ್ನು ತಿದ್ದಬೇಕು. ಓಟ ಮುಗಿದ ಮೇಲೆ ಗೆರೆ ಸರಿಸಿದರೆ ಗೆದ್ದವರ ಗೆಲುವಿಗೂ ಮಸಿ ತಗಲುತ್ತದೆ.

2017ರಲ್ಲಿ ದೇವೇಂದ್ರ ಝಝಾರಿಯಾ ಈ ಪ್ರಶಸ್ತಿ ಪಡೆದ ಮೊದಲ ಪ್ಯಾರಾ ಕ್ರೀಡಾಪಟುವಾದರು. ಪ್ರಶಸ್ತಿಗೆ ಮೇಜರ್ ಧ್ಯಾನ್ ಚಂದ್ ಅವರ ಹೆಸರು ಬಂದ 2021ರಲ್ಲಿ ಅದನ್ನು ಪಡೆದ 12 ಮಂದಿಯಲ್ಲಿ ಐವರು ಅಂಥವರೇ. ಬಾಗಿಲು ತಡವಾಗಿ ತೆರೆಯಿತು, ಆದರೆ ತೆರೆಯಿತು.

ಇನ್ನು ನಮ್ಮ ಪ್ರಶ್ನೆ. ಗಿರೀಶರು ಹೈದರಾಬಾದಿನವರೂ ಸಾನಿಯಾ ಹಾಸನದವರೂ ಆಗಿದ್ದರೆ ನಾವು ಇದೇ ಮಾತು ಆಡುತ್ತಿದ್ದೆವೇ? ಹೌದೆನ್ನಲು ಎದೆ ಅಳುಕದಿದ್ದರೆ ನಾವು ನಿಂತಿರುವುದು ನ್ಯಾಯದ ಪರ. ಅಳುಕಿದರೆ, ನಮ್ಮ ಕೈಯಲ್ಲಿರುವ ಅಳತೆಗೋಲನ್ನೇ ಮೊದಲು ಸರಿಮಾಡಿಕೊಳ್ಳಬೇಕು. ಅಭಿಮಾನಪಡುವ ವಿಷಯಕ್ಕೆ ಬಂದರೆ, ಇಬ್ಬರೂ ನಮ್ಮವರೇ.