ಬೀಗದ ಕೈ ಇದ್ದವರ ಮನೆ

ಎಂಟನೆಯ ತರಗತಿಗೆ ಪೌರನೀತಿ ಹೇಳುವಾಗ, ರಾಜ್ಯಕ್ಕೆ ನಾಲ್ಕು ಅಂಗಗಳೆಂದು ಕರಿಹಲಗೆಯ ಮೇಲೆ ಬರೆಯುತ್ತೇನೆ: ಜನ, ಭೂಪ್ರದೇಶ, ಸರ್ಕಾರ, ಪರಮಾಧಿಕಾರ. ಮಕ್ಕಳು ಬರೆದುಕೊಂಡು ಬಾಯಿಪಾಠ ಮಾಡಿ ಅಂಕ ಗಳಿಸುತ್ತಾರೆ. ಒಂದು ವರ್ಷ ಮಾತ್ರ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಓಟಿನಲ್ಲಿ ಗೆದ್ದವರನ್ನ ಜೈಲಿಗೆ ಹಾಕಿ ಬೇರೆಯವರು ಕುರ್ಚಿ ಮೇಲೆ ಕೂತ್ರೆ ಅದೂ ಸರ್ಕಾರಾನೇನಾ?" ಎಂದು ಕೇಳಿದಳು. ಮ್ಯಾನ್ಮಾರ್ ದೇಶದ ಸುದ್ದಿಯನ್ನು ಅವಳು ಟಿ.ವಿ.ಯಲ್ಲಿ ನೋಡಿದ್ದಳು. "ನಾಳೆ ಹೇಳ್ತೀನಿ, ಕೂತ್ಕೊ" ಎಂದೆ. ಆ ನಾಳೆ ಬರಲೇ ಇಲ್ಲ.

ನಮ್ಮ ಹಿರಿಯರು ಬರ್ಮಾ ಎನ್ನುತ್ತಿದ್ದ ಆ ದೇಶದಲ್ಲಿ 2020ರ ನವೆಂಬರ್‌ನಲ್ಲಿ ಚುನಾವಣೆ ನಡೆದು, 476 ಸ್ಥಾನಗಳಲ್ಲಿ 396 ಆಂಗ್ ಸಾನ್ ಸೂಕಿಯವರ ಪಕ್ಷಕ್ಕೆ ಬಂದವು. ಹೊಸ ಸಂಸತ್ತು ಸೇರಬೇಕಾಗಿದ್ದ ದಿನವೇ, 2021ರ ಫೆಬ್ರವರಿ 1ರ ನಸುಕಿನಲ್ಲಿ, ಸೇನಾಧಿಪತಿ ಮಿನ್ ಆಂಗ್ ಹ್ಲೈಂಗ್ ಅವರ ಸೈನ್ಯ ಸೂಕಿಯವರನ್ನೂ ಅಧ್ಯಕ್ಷರನ್ನೂ ಬಂಧಿಸಿ ಅಧಿಕಾರ ಹಿಡಿಯಿತು.

ಇಂಥ ಹೊತ್ತಿನಲ್ಲಿ ಉಳಿದ ದೇಶಗಳು ಹಿಡಿಯುವ ಅಳತೆಗೋಲು ಎರಡು. ಬೀಗದ ಕೈ ಯಾರ ಬಳಿ ಇದೆ ಎಂಬುದು ಒಂದು. ರಾಜಧಾನಿ, ಖಜಾನೆ, ಪೊಲೀಸು ಯಾರ ಮಾತು ಕೇಳುತ್ತವೆಯೋ ಅವರೇ ಸರ್ಕಾರ. ಆ ಬೀಗದ ಕೈ ಅವರಿಗೆ ಹೇಗೆ ಬಂತು ಎಂಬುದು ಇನ್ನೊಂದು. ಬಲಾಢ್ಯ ದೇಶಗಳು ಮನ್ನಣೆಯನ್ನೇ ಚೌಕಾಸಿಗೆ ಬಳಸುವುದನ್ನು ಕಂಡು ಬೇಸತ್ತ ಮೆಕ್ಸಿಕೋದ ವಿದೇಶಾಂಗ ಮಂತ್ರಿ ಎಸ್ಟ್ರಾಡಾ, ಇನ್ನೊಂದು ದೇಶದ ಸರ್ಕಾರಕ್ಕೆ ಪ್ರಮಾಣಪತ್ರ ಕೊಡುವುದೇ ಅದಕ್ಕೆ ಅವಮಾನ ಎಂದು 1930ರಲ್ಲಿ ಹೇಳಿದರು. ಬ್ರಿಟನ್ 1980ರಲ್ಲಿ, ತಾನು ಮನ್ನಿಸುವುದು ದೇಶಗಳನ್ನೇ ಹೊರತು ಸರ್ಕಾರಗಳನ್ನಲ್ಲ ಎಂದು ಸಾರಿತು. ಜಾಣತನದ ಮಾತು. ಆದರೆ ಸಮಸ್ಯೆ ಮನೆ ಬಾಗಿಲಿಗೇ ಬಂದರೆ?

2021ರ ಏಪ್ರಿಲ್ 7ರಂದು ಬಂದೇಬಿಟ್ಟಿತು. ಲಂಡನ್ನಿನಲ್ಲಿದ್ದ ಮ್ಯಾನ್ಮಾರ್ ರಾಯಭಾರಿ ಹೊರಗೆ ಹೋಗಿದ್ದಾಗ ಅವರದೇ ಕಚೇರಿಯವರು ಒಳಗಿನಿಂದ ಬಾಗಿಲು ಹಾಕಿಕೊಂಡರು. ಸೂಕಿಯವರನ್ನು ಬಿಡಬೇಕೆಂದು ಅವರು ಹೇಳಿದ್ದರು, ಅಷ್ಟೇ ತಪ್ಪು. ಆ ರಾತ್ರಿ ಕಾರಿನಲ್ಲೇ ಕಳೆದರು. ಬ್ರಿಟನ್ ಈ ದಬ್ಬಾಳಿಕೆಯನ್ನು ಖಂಡಿಸಿತು. ಆದರೆ ರಾಯಭಾರಿಯ ಅವಧಿ ಮುಗಿಯಿತೆಂದು ಅಲ್ಲಿಂದ ಕಾಗದ ಬಂದಿದೆ, ಒಪ್ಪಲೇಬೇಕು ಎಂದೂ ಹೇಳಿತು.

ನ್ಯೂಯಾರ್ಕಿನಲ್ಲಿ ಹಾಗಾಗಲಿಲ್ಲ. ಫೆಬ್ರವರಿ 26ರಂದು ವಿಶ್ವಸಂಸ್ಥೆಯ ಸಭೆಯಲ್ಲಿ ಮ್ಯಾನ್ಮಾರ್ ಪ್ರತಿನಿಧಿ ಕ್ಯಾವ್ ಮೋ ಟುನ್ ಸೈನ್ಯದ ವಿರುದ್ಧ ಮಾತಾಡಿ, ಪ್ರತಿಭಟನೆಯ ಗುರುತಾಗಿ ಮೂರು ಬೆರಳು ಎತ್ತಿ ತೋರಿಸಿದರು. ಸೈನ್ಯ ಅವರನ್ನು ವಜಾ ಮಾಡಿತು. ಅವರು ಕುರ್ಚಿ ಬಿಡಲಿಲ್ಲ. ಯಾರ ಅಧಿಕಾರಪತ್ರ ಸರಿ ಎಂದು ನೋಡುವ ಒಂಬತ್ತು ದೇಶಗಳ ಸಮಿತಿ ಡಿಸೆಂಬರ್‌ನಲ್ಲಿ ತೀರ್ಮಾನವನ್ನೇ ಮುಂದೂಡಿತು. ಹಳಬರೇ ಉಳಿದರು. ಹೌದೆನ್ನಲೂ ಇಲ್ಲ, ಇಲ್ಲವೆನ್ನಲೂ ಇಲ್ಲ. ನಾವು ಹೆಂಗಸರಿಗೆ ಈ ಉಪಾಯ ಹೊಸದೇನಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಅಣ್ಣ ತೀರಿಕೊಂಡ ವರ್ಷವೇ ತಮ್ಮ, ಅತ್ತಿಗೆಯ ಸಾಮಾನು ಬೀದಿಗೆ ಹಾಕಿ ಬೀಗ ಬದಲಾಯಿಸಿದ. ಆಕೆ ಎರಡು ಬೀದಿ ಆಚೆ ಬಾಡಿಗೆ ಕೋಣೆ ಹಿಡಿದರು. ಬಾವಿ ನಮಗೂ ಅವರಿಗೂ ಸೇರಿದ್ದು, ಮಾತು ಬಿಡುವಂತಿರಲಿಲ್ಲ. ಬಿಟ್ಟರೆ ಒಳಗಿದ್ದ ತಮ್ಮನ ಹೆಂಡತಿ ಮಕ್ಕಳ ಕಷ್ಟಸುಖ ಕೇಳುವವರಾರು? ಅತ್ತೆಯವರು ನೀರು, ಹೆಪ್ಪುಮೊಸರಿನ ಬಳಕೆಯನ್ನು ಹಾಗೇ ಇಟ್ಟುಕೊಂಡರು. ಆದರೆ ಅವನು ಸತ್ಯನಾರಾಯಣ ಪೂಜೆಗೆ ಕರೆದಾಗ ಹೋಗಲಿಲ್ಲ. ನಾನು ಹೋದೆ. ಕುಂಕುಮ ಇಡಿಸಿಕೊಂಡು ಊಟ ಮಾಡಿ ಬಂದೆ. ಆ ಅತ್ತಿಗೆಗೆ ಬಾಯಿ ಜೋರು, ಅವರೇನು ಕಡಿಮೆಯೇ ಎಂದು ಸಮಾಧಾನ ಹೇಳಿಕೊಂಡೆ. ವಾರದ ನಂತರ ಆಕೆ ದಾರಿಯಲ್ಲಿ ಸಿಕ್ಕಿ, "ನೀವೂ ಹೋಗಿದ್ರಂತಲ್ಲ?" ಎಂದರು. ಅಷ್ಟೇ. ನಾನು ಮಾತಾಡಲಿಲ್ಲ.

2021ರ ಮಾರ್ಚ್ 27ರಂದು ಮ್ಯಾನ್ಮಾರ್ ರಾಜಧಾನಿಯಲ್ಲಿ ಸೈನ್ಯದ ದಿನಾಚರಣೆ ನಡೆಯಿತು. ಎಂಟು ದೇಶಗಳ ಪ್ರತಿನಿಧಿಗಳು ಹೋಗಿದ್ದರು. ನಮ್ಮ ದೇಶವೂ ಒಂದು. ಅದೇ ದಿನ ಆ ದೇಶದ ಬೀದಿಗಳಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಲ್ಲಲಾಯಿತು. ಓದಿದಾಗ ನನ್ನ ಕುಂಕುಮದ ನೆನಪಾಯಿತು. ನಮಗೆ ಕಾರಣಗಳಿಲ್ಲದೆ ಇಲ್ಲ: 1,643 ಕಿಲೋಮೀಟರ್ ಗಡಿ, ಗಡಿಯಾಚೆ ಅಡಗುವ ಬಂಡುಕೋರರು, ಪಕ್ಕದಲ್ಲೇ ಚೀನಾ. ಮಾತು ಬಿಡಲಾಗದು, ಒಪ್ಪೋಣ. ಅದೇ ಮಾರ್ಚ್‌ನಲ್ಲಿ, ಓಡಿಬಂದವರನ್ನು ಒಳಗೆ ಬಿಡಬೇಡಿ ಎಂದು ದೆಹಲಿ ಹೇಳಿದಾಗ, ಮಿಜೋರಾಮಿನ ಮುಖ್ಯಮಂತ್ರಿ ಜೋರಾಮ್‌ತಂಗಾ, ಅವರು ನಮ್ಮ ರಕ್ತಸಂಬಂಧಿಗಳು, ಸುಮ್ಮನಿರಲಾಗದು ಎಂದು ಪ್ರಧಾನಿಗೆ ಬರೆದರು. ಅಲ್ಲಿನ ಜನ ಸಾವಿರಾರು ಮಂದಿಗೆ ನೆರಳು ಕೊಟ್ಟರು. ಯಾವುದು ಸರ್ಕಾರ ಎಂಬ ಚರ್ಚೆಗೆ ಅವರು ಹೋಗಲಿಲ್ಲ. ಹೊರಬಿದ್ದವರು ಯಾರೆಂಬುದು ಅವರಿಗೆ ಕಂಡಿತ್ತು.

ಹೊರಬಿದ್ದವರು ನಿಷ್ಕಳಂಕರೇ ಆಗಿರಬೇಕಿಲ್ಲ. ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಬಾಂಗ್ಲಾದೇಶಕ್ಕೆ ಓಡಿಹೋದ ಮೇಲೂ, 2019ರಲ್ಲಿ ಹೇಗ್ ನಗರದ ನ್ಯಾಯಾಲಯದಲ್ಲಿ ಇದೇ ಸೈನ್ಯದ ಪರವಾಗಿ ಮಾತಾಡಿದವರು ಸೂಕಿ. ಅದು ಅವರ ತಪ್ಪು. ಆದರೆ ಆ ತಪ್ಪಿನಿಂದ ಬೀಗ ಬದಲಾಯಿಸಿದವನಿಗೆ ಹಕ್ಕು ಹುಟ್ಟುವುದಿಲ್ಲ. ಅತ್ತಿಗೆಯ ಬಾಯಿ ಜೋರೆಂಬ ನನ್ನ ನೆಪವೂ ಇಂಥದ್ದೇ.

ಆ ಹುಡುಗಿ ಈಗ ದೊಡ್ಡವಳಾಗಿದ್ದಾಳೆ. ಸಿಕ್ಕರೆ ಹೇಳಬೇಕು: ಬೀಗದ ಕೈ ಇದ್ದವರೊಡನೆ ಮಾತಾಡಬೇಕಾಗುತ್ತದಮ್ಮ, ಬಾವಿ ಒಂದೇ ಆದಾಗ ಬೇರೆ ದಾರಿಯಿಲ್ಲ. ಆದರೆ ಮಾತಾಡುವುದು ಬೇರೆ, ಅವರ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಕೂರುವುದು ಬೇರೆ. ಇದನ್ನು ಹೇಳಿಕೊಡುವ ಮೊದಲು ನಾನು ಎರಡು ಬೀದಿ ಆಚೆಗೆ ಹೋಗಿ ಒಂದು ಬಾಗಿಲು ತಟ್ಟಿ ಬರಬೇಕಾಗಿದೆ.