ಮುಳುಗಿದ ಹೊನ್ನು ಯಾರದು?

ಗೋಕಾಕದ ಬಸ್‌ಸ್ಟ್ಯಾಂಡ್ ಎದುರಿನ ಚಾದಂಗಡಿಯಲ್ಲಿ ಗೆಳೆಯನೊಬ್ಬ ಮೊಬೈಲ್ ತೆಗೆದು ಚಿತ್ರ ತೋರಿಸಿದ. ಸೊಟ್ಟ ಅಂಚಿನ ಚಿನ್ನದ ನಾಣ್ಯ, ಮೇಲೊಂದು ಶಿಲುಬೆ. ಸ್ಪೇನಿನ ದೊರೆ ಅಮೆರಿಕಾ ಖಂಡದಲ್ಲಿ ಟಂಕಿಸಿದ್ದು, ಹಡಗಿನ ಜೊತೆ ಮುಳುಗಿದ್ದು, ಈಗ ಮೇಲೆತ್ತಿ ಹರಾಜಿಗಿಟ್ಟದ್ದು. ಗೆಳೆಯ ನಮ್ಮ ಕೇರಿಯವನೇ. ಅವರವ್ವ ಕಬ್ಬು ಕಡಿದು ಓದಿಸಿದಳು. ಈಗ ನೌಕರಿಯಿದೆ, ತಗಡಿನ ಡಬ್ಬಿಯಲ್ಲಿ ಹಳೆಯ ನಾಣ್ಯ ಕೂಡಿಹಾಕುವ ಚಟವಿದೆ. "ಸಾಲಾ ಮಾಡಿ ಆದ್ರೂ ಇಂಥಾದ್ದೊಂದು ತಗೋಬೇಕೋ. ಕಳದ ಹೋದದ್ದೈತಿ, ಯಾರಪ್ಪನ ಗಂಟೂ ಅಲ್ಲ" ಅಂದ.

ನಾವು ನಗಲಿಲ್ಲ. ಶೂದ್ರ ಸಂಪತ್ತು ಕೂಡಿಡಬಾರದೆಂದು ಬರೆದಿಟ್ಟ ಮನುವಿನ ದೇಶ ಇದು. 1928ರಲ್ಲಿ ಇಂದೂರಿನ ಸೀಮೆಯಲ್ಲಿ ಬಲಾಯಿ ಹೆಂಗಸರು ಚಿನ್ನ ಬೆಳ್ಳಿ ತೊಡಕೂಡದೆಂದು ಮೇಲ್ಜಾತಿಯವರು ಕಟ್ಟಪ್ಪಣೆ ಮಾಡಿದ್ದನ್ನು ಬಾಬಾಸಾಹೇಬರು ಜಾತಿ ವಿನಾಶದ ಭಾಷಣದಲ್ಲಿ ಎತ್ತಿ ತೋರಿಸಿದ್ದಾರೆ. ದೂರದ ಮಾತೇಕೆ? ನಮ್ಮ ಸೀಮೆಯ ಉಳ್ಳವರ ಕೊರಳಿನ ಪುತಳಿ ಸರವನ್ನೇ ನೋಡಿರಿ. ಅದರ ಬಿಲ್ಲೆಯ ಮೂಲ ವೆನಿಸ್ ಪಟ್ಟಣದ ಚಿನ್ನದ ನಾಣ್ಯ, ಸಮುದ್ರ ದಾಟಿ ಬಂದದ್ದು. ದಾಟಿ ಬಂದ ನಾಣ್ಯಕ್ಕೆ ಮೈಲಿಗೆಯಿಲ್ಲ! ನಮ್ಮ ಅವ್ವಂದಿರು ಅದನ್ನು ಕಂಡದ್ದು ಅಂಗಳದ ಹೊರಗೆ ನಿಂತು. ಅವರ ಹೊಟ್ಟೆಯಲ್ಲಿ ಹುಟ್ಟಿದವನು ಇಂದು ಚಿನ್ನ ಹಿಡಿಯುತ್ತೇನೆಂದರೆ ಬೇಡವೆನ್ನಲು ನಾವು ಯಾರು?

ಆದರೆ 'ಯಾರಪ್ಪನ ಗಂಟೂ ಅಲ್ಲ' ಎಂಬ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು.

ಸ್ಪೇನಿನ ಸಾನ್ ಹೋಸೆ ಹಡಗು 1708ರಲ್ಲಿ ಈಗಿನ ಕೊಲಂಬಿಯಾದ ಕಾರ್ಟಾಹೇನಾ ಬಂದರಿನ ಬಳಿ ಇಂಗ್ಲಿಷರ ತೋಪಿಗೆ ಸಿಕ್ಕು ಮುಳುಗಿತು. ಸುಮಾರು 600 ಜನರಲ್ಲಿ ಬದುಕಿದವರು ಬೆರಳೆಣಿಕೆ. 2015ರಲ್ಲಿ ಅದು ಪತ್ತೆಯಾಯಿತು. ತಳದಲ್ಲಿ ಬಿದ್ದಿರುವ ಚಿನ್ನದ ನಾಣ್ಯಗಳು ಲಿಮಾದ ಟಂಕಸಾಲೆಯಲ್ಲಿ 1707ರಲ್ಲಿ ಹೊಡೆದವು ಎಂದು ಚಿತ್ರ ತೆಗೆದು ಓದಿದ್ದಾರೆ. ನಮ್ಮದು ಎಂದಿತು ಕೊಲಂಬಿಯಾ. ನಮ್ಮದು ಎಂದಿತು ಸ್ಪೇನ್. ನಾವು ಮೊದಲು ಹುಡುಕಿದೆವು ಎಂದಿತು ಅಮೆರಿಕಾದ ಕಂಪನಿ. ಇವರೆಲ್ಲರ ಹಿಂದೆ ನಿಂತು ಬೊಲಿವಿಯಾದ ಕಾರಾ ಕಾರಾ ಎಂಬ ಮೂಲನಿವಾಸಿಗಳೂ ದನಿಯೆತ್ತಿದರು: ಗಣಿಯಲ್ಲಿ ಅಗೆದವರು ನಮ್ಮ ಹಿರಿಯರು.

ಅಲ್ಲಿಯ ಪೊಟೋಸಿಯ ಬೆಳ್ಳಿ ಬೆಟ್ಟಕ್ಕೆ ಏಳು ಗಂಡಾಳಿಗೆ ಒಬ್ಬನಂತೆ ಸರದಿ ಕಟ್ಟಿ ಅಟ್ಟುತ್ತಿದ್ದರು. ಅದರ ಹೆಸರು 'ಮೀತಾ'. ನಮ್ಮ ಕೇರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ, ಬಿಟ್ಟಿ ಚಾಕರಿ ಎಂದರೆ ಸಾಕು. ಕೊಲಂಬಿಯಾದ ಹೊಳೆಗಳಲ್ಲಿ ಚಿನ್ನ ತೊಳೆದವರು ಆಫ್ರಿಕಾದಿಂದ ಸಂಕೋಲೆ ಹಾಕಿ ತಂದ ಗುಲಾಮರು. ಇನ್ನೊಂದು ಹಡಗು, 1804ರಲ್ಲಿ ಮುಳುಗಿದ ಮೆರ್ಸೆಡಿಸ್. 2007ರಲ್ಲಿ ಕಂಪನಿಯೊಂದು ಅದರಿಂದ ಐದು ಲಕ್ಷಕ್ಕೂ ಮಿಕ್ಕಿ ನಾಣ್ಯ ಎತ್ತಿತು. ಮೊಕದ್ದಮೆ ನಡೆದು 2012ರಲ್ಲಿ ಎಲ್ಲವೂ ಸ್ಪೇನಿಗೆ ಹೋದವು. ಗಣಿಯ ನೆಲವಾದ ಪೆರು ಕೈಚಾಚಿತ್ತು, ಕೋರ್ಟು ಮಾನ್ಯ ಮಾಡಲಿಲ್ಲ. ಹಡಗು ದೊರೆಯದು, ಸರಕು ಹಡಗಿನ ಜೊತೆಗೇ. ಅಗೆದ ಕೈಗೆ ದಸ್ತಾವೇಜು ಎಲ್ಲಿಂದ ಬರಬೇಕು?

ನಮ್ಮ ಕೋಲಾರದಲ್ಲೂ ಇದೇ ಕತೆ. 2001ರಲ್ಲಿ ಮುಚ್ಚುವ ಮುಂಚೆ ಆ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಆಳ ಇಳಿದಿತ್ತು. ಇಳಿದವರಲ್ಲಿ ಬಹುಪಾಲು ತಮಿಳು ಸೀಮೆಯಿಂದ ಬಂದ ಹೊಲೆಗೇರಿಯ ಜನ. 1930ರಲ್ಲಿ ಅವರ ಬೆರಳಚ್ಚು ತೆಗೆದುಕೊಳ್ಳಲು ಹೊರಟಾಗ ಮುಷ್ಕರ ಹೂಡಿದರು. ನಾಣ್ಯದ ಮೇಲೆ ದೊರೆಯ ಮುದ್ರೆ. ತೆಗೆದವನ ಮುದ್ರೆ ಬೇಕಾದದ್ದು ಅವನನ್ನು ಕಳ್ಳನೆಂದು ಗುರುತಿಸಲು.

ಮುಳುಗಿದ್ದೆಲ್ಲ ಮೇಲೇಳುವುದಿಲ್ಲ. ಹುಕ್ಕೇರಿ ತಾಲೂಕಿನ ಹಿಡಕಲ್ ಡ್ಯಾಮಿನ ನೀರು ಇಳಿದ ಬೇಸಿಗೆಯಲ್ಲಿ ಹುನ್ನೂರಿನ ವಿಠ್ಠಲನ ಗುಡಿ ಹೊರಗೆ ಕಾಣುತ್ತದೆ, ಜನ ಜಾತ್ರೆಯಂತೆ ನೆರೆದು ಫೋಟೋ ತೆಗೆಸಿಕೊಳ್ಳುತ್ತಾರೆ. ಕಲ್ಲಿನ ಗುಡಿ, ನಿಂತಿದೆ. ಮಣ್ಣಿನ ಗೋಡೆ ನೀರಾಗ ನಿಲ್ಲೂದಿಲ್ಲ. ಮಣ್ಣಿನ ಮನೆಯವರನ್ನು ಹುಡುಕಿಕೊಂಡು ಯಾರೂ ಕ್ಯಾಮೆರಾ ತರುವುದಿಲ್ಲ.

ಗೆಳೆಯನಿಗೆ ಇಷ್ಟೆಲ್ಲ ಹೇಳಲಿಲ್ಲ. ಒಂದೇ ಮಾತು ನೆನಪಿಸಿದೆವು. 2019ರ ಆಗಸ್ಟ್, ಘಟಪ್ರಭೆ ಗೋಕಾಕಕ್ಕೂ ಮೂಡಲಗಿ ತಾಲೂಕಿನ ಹಳ್ಳಿಗಳಿಗೂ ನುಗ್ಗಿದ ವರ್ಷ. ಹೊಳಿ ಇಳಿದ ಮೇಲೆ ನಮ್ಮ ಕೇರಿಯ ಒಬ್ಬ ಆಯಿಗೆ ರಾಡಿ ಬಳಿಯುವಾಗ ತಾಳಿಯ ಒಂದು ಬಂಗಾರದ ಗುಂಡು ಸಿಕ್ಕಿತು. ಅವಳ ಮನೆಯೇ ಬಿದ್ದಿತ್ತು, ಗುಂಡು ಮಾರಿದ್ದರೆ ಒಂದು ವಾರದ ಜ್ವಾಳ ಬರುತ್ತಿತ್ತು. ಅವಳು ಸೆರಗಿನ ತುದಿಗೆ ಕಟ್ಟಿಕೊಂಡು "ಯಾರದವ್ವಾ ಇದು?" ಅಂತ ಮೂರು ದಿನ ತಿರುಗಿದಳು. ಗಂಜಿ ಕೇಂದ್ರದಲ್ಲಿ ಕೇಳಿದಳು, ನಮ್ಮನ್ನು ಒಳಗೆ ಕರೆಯದ ಓಣಿಯಲ್ಲೂ ಹೊರಗೆ ನಿಂತು ಕೇಳಿದಳು. ಕಣ್ಣು ಮಂಜು, ಒಬ್ಬಳೇ ನಡೆಯಲಾಗದು. ಕೈ ಹಿಡಿದು ತಿರುಗಿಸಿದವನು ಈ ಗೆಳೆಯನೇ.

"ನೆನಪೈತೇನೋ?" ಅಂದೆವು.

ಅವನು ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದ. "ಆ ಗುಂಡು ಅರ್ಧ ಗ್ರಾಮೂ ಇರಲಿಲ್ಲ ಬಿಡೋ" ಅಂದ. ಆಮೇಲೆ ಬಹಳ ಹೊತ್ತು ಏನೂ ಅನ್ನಲಿಲ್ಲ. ಚಾ ಆರಿತ್ತು. ಹರಾಜಿಗೆ ಇನ್ನೂ ಎರಡು ದಿನ ಇತ್ತು.