ಉಳುವವನ ಹೊಲ, ದೇವರ ನೆಲ



ಧರ್ಮಕೇಂದ್ರಗಳಲ್ಲಿ ಹಿರಿಯರು ಗುರುಗಳ ಬಳಿ ತಗ್ಗಿದ ದನಿಯಲ್ಲಿ ಕೇಳುವ ಒಂದು ಪ್ರಶ್ನೆಯಿದೆ. “ಫಾದರ್, ಆ ಹೊಲ ನಮ್ಮಪ್ಪನಿಗೆ ಸರ್ಕಾರದಿಂದ ಬಂತು. ಹಳೆಯ ಧಣಿಯ ಮಕ್ಕಳು ಇವತ್ತಿಗೂ ನಮ್ಮೊಡನೆ ಮಾತಾಡುವುದಿಲ್ಲ. ನಾವು ಪರರ ಸ್ವತ್ತು ಉಂಡೆವೇ?” ಇನ್ನೊಂದು ಬೆಂಚಿನಲ್ಲಿ ಕುಳಿತವರ ಪ್ರಶ್ನೆ ಇದಕ್ಕೆ ಎದುರಾದದ್ದು: “ಅಜ್ಜ ಬೆವರು ಸುರಿಸಿ ಕೊಂಡ ನೆಲವನ್ನು ಕಾನೂನು ಕಿತ್ತುಕೊಂಡಿತು. ಕದಿಯಬೇಡ ಎಂಬ ಏಳನೆಯ ಆಜ್ಞೆ ಸರ್ಕಾರಕ್ಕಿಲ್ಲವೇ?” ಇಬ್ಬರೂ ಒಂದೇ ಬಲಿಪೀಠದ ಮುಂದೆ ಬಂದು ಪರಮಪ್ರಸಾದ ಸ್ವೀಕರಿಸುತ್ತಾರೆ. ಐವತ್ತು ವರ್ಷ ಕಳೆದರೂ ಮಾತು ಮಾತ್ರ ಕೂಡಿಲ್ಲ.

ನಡೆದದ್ದನ್ನು ಒಮ್ಮೆ ನೆನೆಯೋಣ. 1961ರ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಅಂದು ಗೇಣಿದಾರನ ಕೈಯಲ್ಲಿದ್ದ ಭೂಮಿಯೆಲ್ಲ ಸರ್ಕಾರದ ವಶವಾಯಿತು. ಉಳುವವನು ಫಾರ್ಮ್ ನಂಬರ್ 7 ತುಂಬಿ ಅರ್ಜಿ ಹಾಕಬೇಕು, ತಾಲ್ಲೂಕಿನ ಭೂ ನ್ಯಾಯಮಂಡಳಿ ವಿಚಾರಿಸಿ ಅವನಿಗೆ ಅಧಿಭೋಗದ ಹಕ್ಕು ಕೊಡಬೇಕು. ಮಂಡಳಿಯಲ್ಲಿ ಅಸಿಸ್ಟೆಂಟ್ ಕಮಿಷನರರ ಜೊತೆ ಸರ್ಕಾರ ನೇಮಿಸಿದ ಸದಸ್ಯರು ಕೂರುತ್ತಿದ್ದರು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಕೋರ್ಟಿನ ಮೆಟ್ಟಿಲು ಕಂಡರೆ ಬೆವರುವ ಬಡವನೂ ತನ್ನ ಬಾಯಿಂದಲೇ ತನ್ನ ಮಾತು ಹೇಳಲಿ ಎಂಬುದು ಅದರ ಉದ್ದೇಶ. ಅರ್ಜಿಯ ಗಡುವು 1979ರ ಜೂನ್ 30ರವರೆಗೆ ಮುಂದುವರಿಯಿತು. ಸ್ವಂತ ಸಾಗುವಳಿಗೂ ಮಿತಿ ಬಂತು. ಐದು ಜನರ ಕುಟುಂಬಕ್ಕೆ ಉತ್ತಮ ನೀರಾವರಿಯಾದರೆ 10 ಎಕರೆ, ಕಡೆಯ ದರ್ಜೆಯ ಖುಷ್ಕಿಯಾದರೆ 54 ಎಕರೆ.

ಈಗ ಆ ಪ್ರಶ್ನೆಗೆ ಬರೋಣ. ನೆಲ ಕಳೆದುಕೊಂಡವರು ನಾಬೋತನ ಕಥೆಯನ್ನು ಎತ್ತುತ್ತಾರೆ. ಅರಸ ಅಹಾಬನಿಗೆ ಅರಮನೆಯ ಪಕ್ಕದ ದ್ರಾಕ್ಷಿತೋಟ ಬೇಕಾಯಿತು. ಪಿತ್ರಾರ್ಜಿತವನ್ನು ಕೊಡಲಾರೆನೆಂದ ನಾಬೋತನನ್ನು ಸುಳ್ಳು ಸಾಕ್ಷಿ ಹೇಳಿಸಿ ಕಲ್ಲೆಸೆದು ಕೊಲ್ಲಿಸಿದರು. ಪ್ರವಾದಿ ಎಲೀಯ ಆ ತೋಟಕ್ಕೇ ಹೋಗಿ ಅರಸನನ್ನು ಎದುರಿಸಿದ. ಈ ಕಥೆಯನ್ನು ನಾವು ಎಂದೂ ಮರೆಯಬಾರದು, ಏಕೆಂದರೆ ಸರ್ಕಾರ ಕಿತ್ತುಕೊಂಡದ್ದೆಲ್ಲ ನ್ಯಾಯವಾಗುವುದಿಲ್ಲ. ಆದರೆ ಅಹಾಬ ಆ ತೋಟವನ್ನು ಕೇಳಿದ್ದು ತನ್ನ ಕಾಯಿಪಲ್ಲೆಯ ಮಡಿಗಾಗಿ. ಹಸಿದ ಒಬ್ಬ ಬಡವನಿಗೆ ಕೊಡಲೆಂದಲ್ಲ. ಭೂಸುಧಾರಣೆಯಲ್ಲಿ ನೆಲ ಹೋದದ್ದು ತಲೆತಲಾಂತರದಿಂದ ಅದನ್ನೇ ಉತ್ತು ಬಿತ್ತಿದವನ ಕೈಗೆ. ಇದನ್ನೂ ಅದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಧರ್ಮಸಭೆಯ ಬೋಧನೆಯೂ ಇಲ್ಲಿ ಸ್ಪಷ್ಟ. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಖಾಸಗಿ ಸ್ವತ್ತಿನ ಹಕ್ಕನ್ನು ಎತ್ತಿ ಹಿಡಿದರು, ನಿಜ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಆ ಹಕ್ಕಿಗೆ ಸಾಮಾಜಿಕ ಮುಖವೂ ಇದೆಯೆಂದಿತು; ಪಾಳುಬಿದ್ದ ದೊಡ್ಡ ದೊಡ್ಡ ಹಿಡುವಳಿಗಳನ್ನು ದುಡಿಯುವವರಿಗೆ ಹಂಚಬೇಕೆಂದೂ, ಕಳೆದುಕೊಳ್ಳುವವರಿಗೆ ನ್ಯಾಯವಾದ ಪರಿಹಾರ ಸಲ್ಲಬೇಕೆಂದೂ ಬೋಧಿಸಿತು. 1967ರಲ್ಲಿ ಜಗದ್ಗುರು ಆರನೆಯ ಪೌಲರು ಸರ್ವರ ಹಿತಕ್ಕಾಗಿ ಕೆಲವೊಮ್ಮೆ ಭೂಮಿಯನ್ನು ವಶಪಡಿಸಿಕೊಳ್ಳಬೇಕಾಗುತ್ತದೆ ಎಂದೇ ಬರೆದರು. 1997ರಲ್ಲಿ ವ್ಯಾಟಿಕನ್ನಿನ ನ್ಯಾಯ ಮತ್ತು ಶಾಂತಿ ಮಂಡಳಿ ಭೂಸುಧಾರಣೆಯ ಮೇಲೆಯೇ ಒಂದು ದಾಖಲೆ ಹೊರಡಿಸಿತು. ಇವೆಲ್ಲಕ್ಕೂ ಬುಡ ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿದೆ. ಅಲ್ಲಿ ದೇವರು ನೆಲ ತನ್ನದೆಂದೂ ಇಸ್ರಯೇಲರು ಅದರಲ್ಲಿ ಬರಿಯ ಒಕ್ಕಲೆಂದೂ ಹೇಳುತ್ತಾರೆ. ಹಾಗಾದರೆ ಧಣಿಯೂ ಗೇಣಿದಾರನೇ!

ಈ ಕಾನೂನು ಆಕಾಶದಿಂದ ಉದುರಿದ್ದಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಮಾಡಿದರು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಆ ರೈತರ ಮುಖ್ಯ ದೂರು ಏನು ಗೊತ್ತೇ? ಗೇಣಿಯ ಭತ್ತ ಅಳೆಯುವ ಕೊಳಗ ದೊಡ್ಡದಾಗಿದೆ ಎಂಬುದು. ಪ್ರವಾದಿ ಆಮೋಸ ಎರಡೂವರೆ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಸಿಟ್ಟಾದದ್ದೂ ಅಳತೆಯ ಮೋಸಕ್ಕೇ. ಪ್ರಾರ್ಥನೆ ಎಷ್ಟೇ ಉದ್ದವಿದ್ದರೂ ಕೊಳಗ ಸುಳ್ಳಾದರೆ ದೇವರು ಕಿವಿ ಮುಚ್ಚಿಕೊಳ್ಳುತ್ತಾರೆ.

ಆದ್ದರಿಂದ ನ್ಯಾಯವಾಗಿ ಹಕ್ಕು ಪಡೆದ ಒಕ್ಕಲಿನ ಮಕ್ಕಳೇ, ಆ ಹೊಲದ ಅನ್ನ ಕದ್ದದ್ದಲ್ಲ. ನೆಮ್ಮದಿಯಿಂದ ಉಣ್ಣಿರಿ.

ಇಷ್ಟಕ್ಕೆ ಮುಗಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ವಿಜಯಪುರ–ಸೊಲ್ಲಾಪುರ ರಸ್ತೆಯ ಮೇಲಿನ ಹೊರ್ತಿಯನ್ನೇ ತೆಗೆದುಕೊಳ್ಳಿ. ಇಂಡಿ ಸೀಮೆಯ ಒಣಭೂಮಿ. ಬಿಳಿಜೋಳ, ತೊಗರಿ, ನೀರಿದ್ದ ಕಡೆ ನಿಂಬೆಯ ತೋಟ. ಈ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತದಲ್ಲಿತ್ತು. 1948ರ ಮುಂಬಯಿ ಗೇಣಿ ಕಾಯಿದೆಯೇ ಇಲ್ಲಿಗೂ ಅನ್ವಯಿಸುತ್ತಿತ್ತು. ಈ ಕಡೆ ಹೊಲವನ್ನು ಲಾವಣಿಗೆ ಹಾಕುತ್ತಾರೆ, ಇಲ್ಲವೇ ಪಾಲಿಗೆ ಕೊಡುತ್ತಾರೆ. ಎಲ್ಲವೂ ಬಾಯಿಮಾತಿನಲ್ಲಿ, ಕಣದಲ್ಲಿ ರಾಶಿ ಮುಂದಿಟ್ಟುಕೊಂಡು. ಬಾಯಿಮಾತಿನ ಒಕ್ಕಲಿಗೆ ಪಹಣಿಯಲ್ಲಿ ಹೆಸರಿಲ್ಲ. ಹೆಸರಿಲ್ಲದವನು ಮಂಡಳಿಯ ಮುಂದೆ ಏನು ತೋರಿಸಿಯಾನು? ಗೌಡರ ಮುಖ ನೋಡಿ ಅರ್ಜಿಯನ್ನೇ ಹಾಕದವರೂ ಇದ್ದರು. ಹೀಗೆ ತಪ್ಪಿಹೋದವರಿಗಾಗಿ 1998ರಲ್ಲಿ ಫಾರ್ಮ್ 7ಎ ಬಂತು, ಇಪ್ಪತ್ತು ವರ್ಷ ತಡವಾಗಿ. ಇನ್ನು ಹೊಲ ಸಿಕ್ಕವನಿಗೂ ಮಳೆ ಸಿಗಬೇಕಲ್ಲ! ಹಕ್ಕುಪತ್ರವನ್ನು ಟ್ರಂಕಿನಲ್ಲಿಟ್ಟು ಗೋವಾಕ್ಕೋ ಮಹಾರಾಷ್ಟ್ರಕ್ಕೋ ದುಡಿಯಲು ಹೋಗುವ ಕುಟುಂಬಗಳು ಈ ಜಿಲ್ಲೆಯಲ್ಲಿ ಕಡಿಮೆಯಿಲ್ಲ.

ಕಾನೂನಿನ ಕಣ್ಣಿಗೆ ಬೀಳದೆ ಹೋದ ಇನ್ನೊಬ್ಬಳಿದ್ದಾಳೆ, ವಿಧವೆ. 1974ರ ತಿದ್ದುಪಡಿ ಸೈನಿಕರ ಮತ್ತು ನಾವಿಕರ ಗೇಣಿಗೆ ವಿನಾಯಿತಿ ಕೊಟ್ಟಿತು. ಗಂಡ ಸತ್ತು, ನೇಗಿಲು ಹಿಡಿಯಲಾಗದೆ, ಇದ್ದ ನಾಲ್ಕೆಕರೆಯನ್ನು ಲಾವಣಿಗೆ ಹಾಕಿ ಮಕ್ಕಳನ್ನು ಸಾಕುತ್ತಿದ್ದವಳಿಗೆ ಕೊಡಲಿಲ್ಲ. ನೂರಾರು ಎಕರೆಯ ಧಣಿಗೂ ಅವಳಿಗೂ ಒಂದೇ ನಿಯಮ. ವಿಧವೆಯ ಮೇಲೆ ದೇವರಿಗೆ ಎಂಥ ಕಾಳಜಿಯೆಂಬುದನ್ನು ಬೈಬಲ್ ಓದಿದವರಿಗೆ ಹೇಳಬೇಕಿಲ್ಲ. ಅಂಥ ಮನೆಯ ಹೊಲ ನಿಮ್ಮ ಮನೆಗೆ ಬಂದಿದ್ದರೆ, ಕಾನೂನು ನಿಮ್ಮಿಂದ ಇನ್ನೇನೂ ಕೇಳುವುದಿಲ್ಲ. ಶುಭಸಂದೇಶ ಕೇಳುತ್ತದೆ. ಅವಳ ಮೊಮ್ಮಕ್ಕಳ ಮನೆಗೆ ಸುಗ್ಗಿಯಲ್ಲಿ ಒಂದು ಚೀಲ ಜೋಳ ಹೋಗಲಿ, ಒಂದು ಮಗುವಿನ ಶಾಲೆಯ ಖರ್ಚು ಹೋಗಲಿ. ದಾನವೆಂದು ಸಾರಬೇಡಿ, ಋಣವೆಂದು ತಿಳಿದು ಕೊಡಿರಿ. ಈ ಸೀಮೆಯವರು ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಬುತ್ತಿ ಒಯ್ದು ಚರಗ ಚೆಲ್ಲಿ, ದಾರಿಹೋಕನನ್ನೂ ಕರೆದು ಊಟಕ್ಕೆ ಕೂರಿಸುತ್ತಾರೆ. ಬೆಳೆಯಲ್ಲಿ ಪರರ ಪಾಲಿದೆಯೆಂಬ ತಿಳಿವಳಿಕೆ ನಮ್ಮ ಜನರಿಗೆ ಹೊಸದೇನಲ್ಲ.

ಕೊನೆಯ ಮಾತು ಹೊಲ ಪಡೆದವರ ಮನೆಯೊಳಗಿನದು. ಫಾರ್ಮ್ 7ರಲ್ಲಿ ಸಾಮಾನ್ಯವಾಗಿ ಬಿದ್ದದ್ದು ಗಂಡಸಿನ ಹೆಸರು. ಕಳೆ ಕಿತ್ತವಳು, ರಾಶಿ ತೂರಿದವಳು ಹೆಂಗಸು. ಹಕ್ಕು ಬಂದದ್ದು ಅಪ್ಪನಿಗೆ, ಅವನ ತರುವಾಯ ಅಣ್ಣತಮ್ಮಂದಿರಿಗೆ. ಮದುವೆಯಾಗಿ ಹೋದ ತಂಗಿಯನ್ನು ತಹಸೀಲ್ದಾರ್ ಕಚೇರಿಗೆ ಕರೆಸಿ, ಚಹಾ ಕುಡಿಸಿ, ಹಕ್ಕು ಬಿಟ್ಟ ಕಾಗದಕ್ಕೆ ಸಹಿ ಹಾಕಿಸಿ ಬಸ್ಸು ಹತ್ತಿಸಿ ಬಿಡುವುದು ನಮ್ಮ ಕ್ರೈಸ್ತ ಮನೆಗಳಲ್ಲೂ ಉಂಟು. ತಂದೆ ಮರಣಪತ್ರ ಬರೆಯದೆ ತೀರಿಕೊಂಡರೆ, ನಮಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಆತನ ಸ್ವತ್ತಿನಲ್ಲಿ ತಾಯಿಗೆ ಮೂರನೆಯ ಒಂದು ಪಾಲು, ಉಳಿದದ್ದು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮನಾಗಿ. ಅರ್ಧ ಶತಮಾನದ ಹಿಂದೆ ಧಣಿಯಿಂದ ನ್ಯಾಯ ಬೇಡಿದ ಮನೆಯೇ ಇಂದು ಒಡಹುಟ್ಟಿದವಳಿಗೆ ಧಣಿಯಾದರೆ ಹೇಗೆ?

2020ರ ತಿದ್ದುಪಡಿಯ ಮೇಲೆ ಈ ಪ್ರಶ್ನೆ ಇನ್ನೂ ಅವಸರದ್ದಾಗಿದೆ. 79ಎ ಮತ್ತು 79ಬಿ ಕಲಮುಗಳು ರದ್ದಾದ್ದರಿಂದ ಕೃಷಿಕರಲ್ಲದವರೂ ಸಾಗುವಳಿ ಭೂಮಿ ಕೊಳ್ಳಬಹುದು. ರಸ್ತೆ ಬದಿಯ ಹೊಲಕ್ಕೆ ಪೇಟೆಯಿಂದ ಗಿರಾಕಿ ಬರುತ್ತಾನೆ, ಮುಂಗಡ ಎಣಿಸುತ್ತಾನೆ, ಸಹಿ ಬೇಗ ಬೇಕೆನ್ನುತ್ತಾನೆ. ಆಗ ತಂಗಿಯ ನೆನಪಾಗುವುದು ಸಹಿಗಾಗಿ ಮಾತ್ರ.

ಸಂಖ್ಯಾಕಾಂಡದ 27ನೆಯ ಅಧ್ಯಾಯವನ್ನು ಈ ವಾರ ಮನೆಯ ಸಂಜೆಯ ಪ್ರಾರ್ಥನೆಯಲ್ಲಿ ಓದಿರಿ. ಗಂಡುಮಕ್ಕಳಿಲ್ಲದ ಚಲ್ಪಹಾದನ ಐವರು ಹೆಣ್ಣುಮಕ್ಕಳು ದೇವದರ್ಶನದ ಗುಡಾರದ ಬಾಗಿಲಲ್ಲಿ, ಮೋಶೆಯ ಮತ್ತು ಇಡೀ ಸಭೆಯ ಎದುರು ನಿಂತು ತಂದೆಯ ಪಾಲನ್ನು ಕೇಳಿದರು. ಮೋಶೆ ಅವರನ್ನು ಗದರಿಸಲಿಲ್ಲ, ಊರಿನ ಪದ್ಧತಿ ಹೀಗಿದೆ ಎನ್ನಲೂ ಇಲ್ಲ. ಅವರ ದೂರನ್ನು ಸರ್ವೇಶ್ವರನ ಸನ್ನಿಧಿಗೆ ಒಯ್ದ. ಆ ಹೆಣ್ಣುಮಕ್ಕಳ ಮಾತು ನ್ಯಾಯವಾದದ್ದು ಎಂದು ಉತ್ತರ ಬಂತು. ಓದಿ ಮುಗಿಸಿದ ಮೇಲೆ ಪಹಣಿ ಪತ್ರವನ್ನು ಹೊರತೆಗೆದು, ಅದರಲ್ಲಿ ಯಾರ ಯಾರ ಹೆಸರಿದೆ, ಯಾರದ್ದಿಲ್ಲ ಎಂದು ಮನೆಮಂದಿಯೆಲ್ಲ ಕೂತು ನೋಡಿರಿ.